ಹಿಮ್ಮಡಿ ಊರಿದ ಗುರುತು

ಫೆಬ್ರವರಿ 3

ನನ್ನ ಪ್ರೀತಿಯ ಪಿಸುವಿಗೆ,

ಫೋನು ಮಾಡಿದರೆ ನೀನು "ಹೂಂ ಅತ್ತಿಗೆ", "ಇಲ್ಲ ಅತ್ತಿಗೆ", "ಅಮ್ಮಂಗೆ ಕೊಡ್ಲಾ?" ಎಂದು ಮುಗಿಸಿಬಿಡುತ್ತೀಯ. ನಿನಗೆ ಬಾಯಿ ಬರುವುದು ಕಾಗದದ ಮೇಲೆ ಮಾತ್ರ. ಆದ್ದರಿಂದ ಬರೆಯುತ್ತಿದ್ದೇನೆ. ನೀನೂ ಬರೆದೇ ಉತ್ತರ ಕೊಡು. ನಾನು ಕೇಳುವ ಸಾಮಾನು ಹೇಗೂ ಪಾರ್ಸೆಲ್ಲಿನಲ್ಲಿ ಬರಬೇಕು, ಅದರ ಜೊತೆಗೆ ನಿನ್ನ ಕಾಗದವೂ ಮಲಗಿಕೊಂಡು ಬರಲಿ.

ವಿಷಯ ಇಷ್ಟು. ಏಪ್ರಿಲ್ ಮೊದಲ ವಾರ ನಮ್ಮ ತಂಡದ ರೆಕಾರ್ಡಿಂಗ್. ಇಷ್ಟು ವರ್ಷ ವ್ಯಾನಿನಲ್ಲಿ ಸುತ್ತಿ ಸುತ್ತಿ ನುಡಿಸಿದ್ದೆಲ್ಲ ಗಾಳಿಗೆ ಹೋಯಿತು. ಈ ಸಲವಾದರೂ ಎಂಟು ಹಾಡು ಉಳಿಯುವ ಹಾಗೆ ಮಾಡಿಕೊಳ್ಳಬೇಕೆಂದು ನಿನ್ನ ಅಣ್ಣನೂ ನಾನೂ ಹಟ ಹಿಡಿದು ಹಾಡುಗಾರನನ್ನು ಒಪ್ಪಿಸಿದ್ದೇವೆ. ಅಲ್ಲಿಯವರೆಗೆ ಶನಿವಾರ ಭಾನುವಾರದ ಕಾರ್ಯಕ್ರಮಗಳೂ ಇವೆ. ಮಾವ ಕೈಯಾರೆ ಮಾಡಿಕೊಟ್ಟ ಬಾಸ್ ಡ್ರಮ್ಮಿನ ಮೈ ಇನ್ನೂ ಗುಂಡುಕಲ್ಲಿನ ಹಾಗಿದೆ. ಆದರೆ ಕಾಲಿನಿಂದ ಹೊಡೆಯುವ ಕಡೆಯ ಬಾಯಿಗೆ ಬಿಗಿದ ಹಾಳೆ, ಆ ಹೆಡ್ಡು, ಸತ್ತುಹೋಗಿದೆ. ಪೆಡಲ್ ತುಳಿದರೆ ನೆನೆದ ಹಲಗೆಗೆ ತಟ್ಟಿದ ಹಾಗೆ ಕೇಳುತ್ತದೆ.

ನಿನ್ನೆ ರೆಕಾರ್ಡಿಂಗ್ ಕೋಣೆಗೆ ಹೋಗಿ ಒಂದು ಪರೀಕ್ಷೆ ನಡೆಸಿದೆವು. ಗೋಡೆಗೆಲ್ಲ ಹಳೆಯ ಜಮಖಾನ ಹೊಡೆದ ಚಿಕ್ಕ ಕೋಣೆ. ಅದನ್ನು ನಡೆಸುವ ಮೇಡಂ ಬಹಳ ಕಡಿಮೆ ಮಾತಿನವರು. ನಾವು ಒಂದು ಹಾಡು ಪೂರ್ತಿ ನುಡಿಸಿದ ಮೇಲೆ ಹೆಡ್‌ಫೋನು ಕೆಳಗಿಟ್ಟು, "ಬಾಸ್ ಡ್ರಮ್ ಬಿಟ್ಟು ಎಲ್ಲಾ ಚೆನ್ನಾಗಿದೆ. ಸರಿಹೋಗ್ಲಿಲ್ಲ ಅಂದ್ರೆ ಕಂಪ್ಯೂಟರಿಂದ ರೆಡಿಮೇಡ್ ಶಬ್ದ ತಂದು ಕೂರಿಸ್ತೀನಿ" ಅಂದರು. ಹಾಡುಗಾರ ಗಿಲೀಟಿನ ನಗು ನಕ್ಕು, "ಕೂರಿಸಿ ಮೇಡಂ, ಯಾರಿಗೆ ಗೊತ್ತಾಗುತ್ತೆ" ಅಂದ.

ನನಗೆ ಗೊತ್ತಾಗುತ್ತದೆ, ಪಿಸು. ಎಂಟು ಹಾಡಿನಲ್ಲೂ ಕೈ ನನ್ನದು, ಕಾಲು ಯಾರದೋ! ಬೇರೆ ಯಾವಾಗಲಾದರೂ ಆಗಿದ್ದರೆ ಹಾಳಾಗಿ ಹೋಗಲಿ ಎನ್ನುತ್ತಿದ್ದೆನೇನೋ. ಈ ಸಲ ನನ್ನ ಕಾಲು ಅದರಲ್ಲಿ ಇರಲೇಬೇಕು.

ಮಾವನನ್ನು ಕೇಳಿ ಎರಡು ಹೆಡ್ಡು ಕಳಿಸು. ಒಂದು ರೆಕಾರ್ಡಿಂಗಿಗೆ, ಒಂದು ವೇದಿಕೆಗೆ. ಅತ್ತೆ ಕೇಳುವ ಮೊದಲೇ ಹೇಳಿಬಿಡು: ಊಟ ಸರಿಯಾಗಿದೆ, ನಿದ್ದೆ ಸರಿಯಾಗಿದೆ, ಸೊರಗಿಲ್ಲ.

ನಿನ್ನ ಅತ್ತಿಗೆ


ಫೆಬ್ರವರಿ 10

ಅತ್ತಿಗೆ,

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ: "ಹಳೇದೆಲ್ಲಿ?"

ನಿನಗೆ ಗೊತ್ತೇ ಇದೆ. ಹಳೆಯ ಹೆಡ್ಡನ್ನು ತಂದು ತೋರಿಸದೆ ನಮ್ಮ ಅಂಗಡಿಯಲ್ಲಿ ಹೊಸದು ಸಿಗುವುದಿಲ್ಲ. "ಚರ್ಮದ ಮೇಲೆ ಕಾಲಿನ ಜಾತಕ ಇರುತ್ತೆ. ಅದನ್ನ ನೋಡದೆ ಹೊಸದು ಕೊಡೋನು ಬರೀ ಅಂಗಡಿಯವನು" ಅಂದರು ಅಪ್ಪ. ಪ್ಲಾಸ್ಟಿಕ್ಕು ಬಂದು ಎಷ್ಟು ಕಾಲವಾದರೂ ಅವರ ಬಾಯಲ್ಲಿ ಅದು ಚರ್ಮವೇ. ಹೊಲಿಗೆ ಮಿಷಿನ್ನಿನ ಹಿಂದಿನಿಂದ ಅಮ್ಮ, "ಮತ್ತೆ ನೀವೇನು, ಆಸ್ಪತ್ರೆ ಇಟ್ಕೊಂಡಿದ್ದೀರಾ?" ಅಂದಳು. ಅವಳು ಈಗ ಒಂದು ಶಾಲೆಯ ಬ್ಯಾಂಡಿಗೆ ಡ್ರಮ್ಮಿನ ಚೀಲಗಳನ್ನು ಹೊಲಿಯುತ್ತಿದ್ದಾಳೆ. ಅಂಗಡಿಯ ಹಿಂಭಾಗವೆಲ್ಲ ನೀಲಿ ಬಟ್ಟೆ.

ಕೊನೆಗೆ ಅಪ್ಪ ಬಾಗಿಲ ಮೇಲಿನ ಗೋಡೆಯಲ್ಲಿ ತೂಗುಹಾಕಿರುವ ನಿನ್ನ ಮೊದಲ ಹೆಡ್ಡನ್ನು ಇಳಿಸಿ ನೋಡಿ ಸಮಾಧಾನ ಮಾಡಿಕೊಂಡರು. ನೀನು ಗಿರಾಕಿಯಾಗಿ ನಮ್ಮ ಅಂಗಡಿಗೆ ಮೊದಲ ಸಲ ಬಂದಾಗ ತಂದದ್ದು. ಅದರ ನಟ್ಟನಡುವೆ, ಪೆಡಲ್ ತುಳಿದಾಗ ಬೀಟರಿನ ಗುಂಡು ಬಂದು ಬಡಿಯುವ ಜಾಗದಲ್ಲಿ, ಹೆಬ್ಬೆರಳು ಕೂರುವಷ್ಟು ಆಳದ ಗುಳಿಯಿದೆ. ಅಪ್ಪ ಅದನ್ನು ಎಲ್ಲರಿಗೂ ತೋರಿಸುತ್ತಾರೆ. "ಹಿಮ್ಮಡಿ ಎತ್ತಿ, ಇಡೀ ಕಾಲಿನ ಭಾರ ಹಾಕಿ ಹೊಡೆಯೋಳು ನನ್ನ ಸೊಸೆ. ಹೊಡೆದ ಮೇಲೆ ಬೀಟರನ್ನ ಅಲ್ಲೇ ಒತ್ತಿ ಹಿಡಿಯುತ್ತಾಳೆ. ಇನ್ನೊಬ್ಬರ ಕಾಲಿಗೆ ಇಂಥ ಗುಳಿ ಬೀಳೋದಿಲ್ಲ." "ಚರ್ಮ ಕೊಳ್ಳೋಕೆ ಬಂದವಳಿಗೆ ಮಗನನ್ನೂ ಕಟ್ಟಿ ಕಳಿಸಿದ್ವಿ" ಎಂದು ಅಮ್ಮ ಯಾವಾಗಲೂ ಸೇರಿಸುವ ಮಾತನ್ನು ಈ ಸಲವೂ ಸೇರಿಸಿದಳು.

ಆಮೇಲೆ ಪರೀಕ್ಷೆ ನಡೆಯಿತು. ಅಂಗಡಿಯ ಡ್ರಮ್ಮಿಗೆ ಒಂದೊಂದೇ ಹೆಡ್ಡು ಬಿಗಿದು ಅಪ್ಪ ನಿನ್ನ ಹಾಗೆ ಹಿಮ್ಮಡಿ ಎತ್ತಿ ಹೊಡೆದರು. ನಾನು ಮೊದಲು ಸ್ಟೂಲಿನ ಪಕ್ಕ ನಿಂತು ಕೇಳಿದೆ, ಆಮೇಲೆ ಬಾಗಿಲಲ್ಲಿ, ಆಮೇಲೆ ರಸ್ತೆ ದಾಟಿ ಕನ್ನಡಕದ ಅಂಗಡಿಯ ಮುಂದೆ.

ಒಂದೇ ಪದರದ ತೆಳು ಹೆಡ್ಡು ಹತ್ತಿರದಲ್ಲಿ ಕಾಟ ಕೊಡುತ್ತದೆ. ಹೊರಟೆ ಎಂದು ಹೇಳಿ ಬಾಗಿಲಲ್ಲಿ ನಿಂತು ಮತ್ತೆ ಮಾತಿಗೆ ತೊಡಗುವ ನೆಂಟರ ಹಾಗೆ ಅದರ ದನಿ ಮುಗಿಯುವುದೇ ಇಲ್ಲ. ಆದರೆ ರಸ್ತೆಯಾಚೆಗೆ ಚೆನ್ನಾಗಿ ಬಂದು ತಲುಪಿತು. ಎರಡು ಪದರದ, ಒಳಗೆ ಬಳೆ ಕೂರಿಸಿದ ದಪ್ಪ ಹೆಡ್ಡು ಹತ್ತಿರದಲ್ಲಿ ಎಷ್ಟು ಚೆಂದ! ದಪ್ಪ ಪುಸ್ತಕವನ್ನು ಮುಚ್ಚಿದ ಹಾಗೆ ಧಪ್ ಎಂದು ಮುಗಿಯುತ್ತದೆ. ರಸ್ತೆಯಾಚೆಗೆ ಮಾತ್ರ ಅಪ್ಪನ ಕಾಲು ಆಡುವುದು ಕಂಡಿತು, ಶಬ್ದ ಬರಲಿಲ್ಲ.

ಕನ್ನಡಕದ ಅಂಗಡಿಯವರು ಹೊರಗೆ ಬಂದು, "ಏನಮ್ಮಾ, ಬಂದು ಬಂದು ನಿಂತ್ಕೋತೀಯ, ಕಣ್ಣು ಮಾತ್ರ ತೋರಿಸ್ಕೊಳ್ಳಲ್ಲ" ಅಂದರು. ನಾನು ನಕ್ಕು ಓಡಿಬಂದೆ. 'ಕಿವಿ ಪರೀಕ್ಷೆಗೆ ಬಂದಿದ್ದೆ' ಎನ್ನಬಹುದಿತ್ತು ಎಂಬುದು ಊಟಕ್ಕೆ ಕೂತಾಗ ಹೊಳೆಯಿತು. ನನ್ನ ಉತ್ತರಗಳೆಲ್ಲ ಹೀಗೆಯೇ ತಡವಾಗಿ ಬರುತ್ತವೆ.

ಮೈಕು ಹತ್ತಿರವೇ ಇರುವುದರಿಂದ ದಪ್ಪನೆಯದು ರೆಕಾರ್ಡಿಂಗಿಗೆ, ತೆಳುವಿನದು ವೇದಿಕೆಗೆ. ಎರಡನ್ನೂ ಕಳಿಸಿದ್ದೇನೆ. ಹಳೆಯದನ್ನು ಅದೇ ಪೆಟ್ಟಿಗೆಯಲ್ಲಿ ವಾಪಸು ಕಳಿಸಬೇಕಂತೆ.

ಪಿಸು


ಫೆಬ್ರವರಿ 22

ಪಿಸು,

ನಿನ್ನ ಕಾಗದವನ್ನು ವ್ಯಾನಿನಲ್ಲಿ ಗಟ್ಟಿಯಾಗಿ ಓದಿದೆ. ಬಾಗಿಲಲ್ಲಿ ನಿಂತ ನೆಂಟರ ಸಾಲಿಗೆ ನಿನ್ನ ಅಣ್ಣ ಸ್ಟೇರಿಂಗ್ ಬಡಿದು ನಕ್ಕ. ಆದರೆ ಹೆಡ್ಡುಗಳು ಮಾತ್ರ ನೀನು ಹೇಳಿದ ಹಾಗೆ ನಡೆದುಕೊಳ್ಳಲಿಲ್ಲ.

ದಪ್ಪನೆಯದನ್ನು ರೆಕಾರ್ಡಿಂಗ್ ಕೋಣೆಯಲ್ಲಿ ಹಾಕಿದೆ. ಧಪ್ ಇಲ್ಲ, ಪುಸ್ತಕವೂ ಇಲ್ಲ. ತಲೆದಿಂಬಿಗೆ ಗುದ್ದಿದ ಹಾಗಿತ್ತು. ಮೇಡಂ ಮೈಕನ್ನು ಹತ್ತಿರ ತಂದರು, ಇನ್ನೂ ಹತ್ತಿರ ತಂದರು, ಕೊನೆಗೆ ಡ್ರಮ್ಮಿನೊಳಗೇ ಇಟ್ಟರು. ಊಹೂಂ. ತೆಳುವಿನದು ಮಾತಾಡಿತು, ಆದರೆ ಮಾತು ನಿಲ್ಲಿಸಲಿಲ್ಲ. ನಿಲ್ಲಿಸಲು ಒಳಗೆ ಕಂಬಳಿ ತುಂಬಿದರೆ ಪೂರ್ತಿ ಬಾಯಿ ಮುಚ್ಚಿಕೊಂಡಿತು. ವೇದಿಕೆಯಲ್ಲಿ ತೆಳುವಿನದು ಸ್ಪೀಕರಿನ ಜೊತೆ ಸೇರಿ ಗುಂಯ್ಗುಡುತ್ತಿತ್ತೆಂದು ನಾಲ್ಕು ಕಾರ್ಯಕ್ರಮಗಳಿಗೆ ದಪ್ಪನೆಯದನ್ನೇ ಹಾಕಿದೆ. ಮುಗಿದ ಮೇಲೆ ಕೊನೆಯ ಸಾಲಿನ ಒಬ್ಬ ಹಿರಿಯರು ಬಂದು, "ಆ ದೊಡ್ಡ ಡ್ರಮ್ ಶೋಕಿಗೆ ಇಟ್ಟಿದ್ದಾ ತಾಯಿ?" ಎಂದು ಕೇಳಿದರು. ಹಾಡುಗಾರನಿಗೆ ಒಂದು ವಾರಕ್ಕಾಗುವಷ್ಟು ಖುಷಿ.

ನನಗೆ ಬೇಕಾದದ್ದು ಮೆತ್ತಗೆ ಮುಟ್ಟಿದರೂ ಮಾತಾಡುವ, ಆಡಿದ ಮೇಲೆ ಸುಮ್ಮನಾಗುವ ಹೆಡ್ಡು. ಯಾಕೆ ಎಂದು ಕೇಳಬೇಡ, ಈಗ ಅಂಥ ದನಿಯ ಮೇಲೆ ಮನಸ್ಸಾಗಿದೆ. ಮಾವ ಕೇಳಿದ ಹಳೆಯದನ್ನು ಕಳಿಸಿದ್ದೇನೆ. ಕೆಲಸಕ್ಕೆ ಬಾರದ ದಪ್ಪನೆಯದೂ ಅದೇ ಪೆಟ್ಟಿಗೆಯಲ್ಲಿದೆ. ಮಾರ್ಚ್ ಕೊನೆಯೊಳಗೆ ಒಳ್ಳೆಯ ಶಬ್ದ ತೋರಿಸದಿದ್ದರೆ ರೆಡಿಮೇಡೇ ಗತಿ ಎಂದು ಮೇಡಂ ಹೇಳಿಬಿಟ್ಟಿದ್ದಾರೆ. ಮರೆಯಬೇಡ.

ಅತ್ತೆಗೆ ಎಂದಿನಂತೆ: ಊಟ, ನಿದ್ದೆ, ಸೊರಗಿಲ್ಲ. ಇದು ಮಾತ್ರ ನೂರಕ್ಕೆ ನೂರು ನಿಜ.

ನಿನ್ನ ಅತ್ತಿಗೆ


ಮಾರ್ಚ್ 2

ಅತ್ತಿಗೆಯವರಿಗೆ,

ಪೆಟ್ಟಿಗೆ ತಲುಪಿತು. ಹಳೆಯ ಹೆಡ್ಡನ್ನು ಅಪ್ಪನಿಗೆ ಕೊಟ್ಟೆ. ಗುಳಿಯನ್ನು ಬೆರಳಲ್ಲಿ ಸವರಿ ಸಂತೋಷಪಟ್ಟರು. ದಪ್ಪನೆಯದನ್ನು ತೋರಿಸಲಿಲ್ಲ. ಅಮ್ಮನ ನೀಲಿ ಬಟ್ಟೆಯ ಗಂಟುಗಳ ಹಿಂದೆ ಇಟ್ಟಿದ್ದೇನೆ.

ಪೆಟ್ಟಿಗೆ ಬಿಚ್ಚಿದವಳು ನಾನೇ. ಆ ಹೆಡ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಾಲ್ಕು ಕಾರ್ಯಕ್ರಮಗಳಲ್ಲಿ ಹೊಡೆದದ್ದು ಎಂದು ನೀವೇ ಬರೆದಿದ್ದಿರಿ. ಅದರಲ್ಲಿ ಗುಳಿಯೇ ಇಲ್ಲ. ಬಟ್ಟೆಯಿಂದ ಒರೆಸಿದಂಥ ಒಂದು ತೆಳ್ಳನೆಯ ಮಾಸಲು ಕಲೆ, ಅದೂ ನಟ್ಟನಡುವೆ ಅಲ್ಲ, ಎರಡು ಬೆರಳು ಕೆಳಗೆ. ಬೀಟರನ್ನು ಒತ್ತಿ ಹಿಡಿಯದೆ ಮುಟ್ಟಿದ ಕೂಡಲೇ ಹಿಂದಕ್ಕೆ ಬಿಡುವವರ ಗುರುತು ಅದು. ಹಿಮ್ಮಡಿಯನ್ನು ಪೆಡಲಿನ ಮೇಲೆ ಊರಿ, ಬರೀ ಪಾದ ಆಡಿಸಿ ಹೊಡೆಯುವವರದು. ಈ ಅಂಗಡಿಯಲ್ಲೇ ಬೆಳೆದ ನನಗೆ ಅಷ್ಟು ಗೊತ್ತಾಗುತ್ತದೆ.

ಮೊನ್ನೆ ಅಣ್ಣ ಫೋನು ಮಾಡಿದಾಗ ಅಮ್ಮ ನಿಮ್ಮನ್ನು ವಿಚಾರಿಸಿದಳು. "ಅವಳು ಈಗೀಗ ಜಾಸ್ತಿ ಹೊಡೀತಿಲ್ಲಮ್ಮ" ಎಂದು ಶುರುಮಾಡಿ, ತಡವರಿಸಿ, ಅಲ್ಲಿಯ ಬಿಸಿಲಿನ ವಿಷಯಕ್ಕೆ ಹೋದ. ಅವನು ಹವೆಯ ಮಾತಿಗೆ ಹೋದರೆ ಏನೋ ಮುಚ್ಚಿಡುತ್ತಿದ್ದಾನೆಂದು ಅರ್ಥ. ಚಿಕ್ಕವನಿದ್ದಾಗಿನಿಂದಲೂ ಅಷ್ಟೇ.

ತಂಡಕ್ಕೆ ಹೊಸಬರು ಯಾರಾದರೂ ಬಂದಿದ್ದಾರೆಯೇ? ಸುಮ್ಮನೆ ಕೇಳಿದೆ.

ನಿಮ್ಮ ನಾದಿನಿ


ಮಾರ್ಚ್ 8

ಪಿಸು,

ಯಾರು ಈ "ನೀವು"? ಕಾಗದವನ್ನು ತಿರುಗಿಸಿ ಬೇರೆ ಯಾರಿಗಾದರೂ ಬರೆದದ್ದೋ ಎಂದು ವಿಳಾಸ ನೋಡಿದೆ. ಮಾವ ರೇಗಿದರಾ? ನನ್ನಿಂದಾಗಿ ಅಂಗಡಿಯ ಎರಡು ಒಳ್ಳೆಯ ಹೆಡ್ಡು ವ್ಯರ್ಥವಾದವು ಎಂದು ಸಿಟ್ಟಾ? ನಾನು ಆ ಕಡೆ ಬಂದಾಗ ಮಾವನ ಕಾಲು ಒತ್ತಿ ಸರಿಮಾಡುತ್ತೇನೆ, ನೀನು ಮುಖ ಊದಿಸಬೇಡ.

ಡ್ರಮ್ಮಿನ ಮುಂದೆ ನಾನೇ ಕೂರುತ್ತೇನೆ. ಇನ್ಯಾರು ಕೂರುತ್ತಾರೆ? ಹೊಸಬರೂ ಇಲ್ಲ, ಹಳಬರೂ ಇಲ್ಲ.

ಹೆಡ್ಡಿನ ಕಥೆ ಏನಾಯಿತು? ಮೇಡಂ ಈಗಾಗಲೇ ಕಂಪ್ಯೂಟರಿನಲ್ಲಿ ಮೂರು ನಾಲ್ಕು ಶಬ್ದ ಆರಿಸಿ ನನಗೆ ಕೇಳಿಸಿದರು. ಎಲ್ಲವೂ ಚೆನ್ನಾಗಿದ್ದವು, ಅದೇ ಸಂಕಟ. ಯಾವುದರಲ್ಲೂ ಒಬ್ಬ ಮನುಷ್ಯ ಇರಲಿಲ್ಲ. ಬೇಗ ಕಳಿಸು. ಉಣ್ಣೆಯ ದೊಡ್ಡ ಬೀಟರ್ ಒಂದಿದ್ದರೆ ಅದನ್ನೂ ಇಡು.

ಅತ್ತಿಗೆ (ನೀನು ಎನ್ನಬೇಕಾದವಳು)


ಮಾರ್ಚ್ 12

ಅತ್ತಿಗೆಯವರಿಗೆ,

ನನಗೆ ಸುಳ್ಳು ಹೇಳಲು ಬರುವುದಿಲ್ಲ. ನಿಮಗೂ ಬರುವುದಿಲ್ಲ ಎಂದುಕೊಂಡಿದ್ದೆ.

ನಾನು ಒಂದೇ ಒಂದು ಪ್ರಶ್ನೆ ಕೇಳಿದ್ದೆ. ನೀವು ಅದಕ್ಕೆ ಒಂದು ಸಾಲು ಕೊಟ್ಟು, ಉಳಿದ ಕಾಗದವನ್ನೆಲ್ಲ ತಮಾಷೆಯಿಂದ ತುಂಬಿಸಿದಿರಿ. ಕಾಲಿನ ಗುರುತಿನ ಬಗ್ಗೆ ಒಂದು ಮಾತೂ ಇಲ್ಲ. ತಂಡದವರು ನಿಮ್ಮನ್ನು ಬದಿಗೆ ಸರಿಸಿ ಬೇರೆಯವರನ್ನು ಕೂರಿಸಿಕೊಂಡಿದ್ದರೆ ಅದರಲ್ಲಿ ನಿಮಗೇನೂ ಅವಮಾನವಿಲ್ಲ, ಅವಮಾನ ಅವರಿಗೆ. ಆದರೆ ಅದನ್ನು ನನಗೆ ಹೇಳಬಹುದಿತ್ತು. ಕಾಲೇಜಿನಲ್ಲಿ ನಾನು ವೇದಿಕೆ ಹತ್ತಿ ಎರಡು ಸಾಲು ಓದಲಾರದೆ ಇಳಿದುಬಂದದ್ದನ್ನು ನಿಮ್ಮೊಬ್ಬರಿಗೇ ಹೇಳಿದ್ದೆ.

ಅಪ್ಪ ನಿಮ್ಮ ಕಾಲಿಗೆಂದು ಮಾಡಿದ ಡ್ರಮ್ ಅದು. ಅದರ ಮೇಲೆ ಅಪರಿಚಿತರೊಬ್ಬರು ಹಿಮ್ಮಡಿ ಊರಿ ಕೂತಿರುವುದನ್ನು ಎಣಿಸಿಕೊಂಡರೆ ಅಂಗಡಿಯಲ್ಲಿ ಕೂರಲು ಆಗುತ್ತಿಲ್ಲ. ನಾನು ಹೆಡ್ಡು ಕಳಿಸುವುದಿಲ್ಲ. ಬೇರೆಯವರ ಕಾಲಿಗೆ ಬೇರೆ ಅಂಗಡಿಗಳಿವೆ.

ನಾದಿನಿ


ಮಾರ್ಚ್ 15

ಅತ್ತಿಗೆ,

ಹಿಂದಿನ ಕಾಗದ ಇನ್ನೂ ತಲುಪಿಲ್ಲದಿದ್ದರೆ ಓದದೆ ಹರಿದುಹಾಕು. ತಲುಪಿದ್ದರೆ ನನ್ನ ಕಿವಿ ಹಿಂಡಲು ನಿನಗೆ ಹಕ್ಕಿದೆ, ಹೇಗೂ ಅವು ಪರೀಕ್ಷೆಯಲ್ಲಿ ನಪಾಸಾಗಿವೆ.

ನಿನ್ನೆ ಅಮ್ಮ ನೀಲಿ ಬಟ್ಟೆಯ ಗಂಟು ಎಳೆದಾಗ ಹಿಂದಿದ್ದ ಹೆಡ್ಡು ಉರುಳಿಕೊಂಡು ಬಂದು ಅವಳ ಮಿಷಿನ್ನಿನ ಕಾಲಿಗೆ ತಾಗಿ ನಿಂತಿತು. "ಇದ್ಯಾಕೆ ಇಲ್ಲಿ ಅಡಗಿ ಕೂತಿದೆ?" ಅಂದಳು. ನಾನು ಏನೂ ಇಲ್ಲ ಎಂದೆ. ಎಂದವಳೇ ಅತ್ತುಬಿಟ್ಟೆ. ಆಮೇಲೆ ಎಲ್ಲ ಹೇಳಿದೆ: ಗುಳಿಯಿಲ್ಲದ ಕಲೆ, ಎರಡು ಬೆರಳು ಕೆಳಗೆ, ಊರಿದ ಹಿಮ್ಮಡಿ, ಅಣ್ಣನ ಬಿಸಿಲಿನ ಮಾತು, ನಾನು ಬರೆದ ಕಾಗದ.

ಡ್ರಮ್ಮಿನ ವಿಷಯಕ್ಕೆ ಅಮ್ಮ ಎಂದೂ ತಲೆಹಾಕಿದವಳಲ್ಲ. ಹೆಡ್ಡನ್ನು ತೊಡೆಯ ಮೇಲಿಟ್ಟುಕೊಂಡು ಕಲೆಯ ಮೇಲೆ ಅಂಗೈ ಆಡಿಸಿದಳು. ಆಮೇಲೆ ಸ್ಟೂಲನ್ನು ಸ್ವಲ್ಪ ಹಿಂದಕ್ಕೆ ಎಳೆದು, ಮಿಷಿನ್ನಿನ ತುಳಿಮಣೆಯ ಮೇಲೆ ಎರಡೂ ಹಿಮ್ಮಡಿ ಊರಿ ಮೆಲ್ಲಗೆ ತುಳಿದಳು. ಸೂಜಿ ನಿಧಾನಕ್ಕೆ ಏರಿ ಇಳಿಯಿತು, ಅದರಡಿ ಬಟ್ಟೆ ಇರಲಿಲ್ಲ.

"ನೀನು ಹೊಟ್ಟೇಲಿದ್ದಾಗ ನಾನೂ ಹೀಗೇ ತುಳೀತಿದ್ದೆ ಕಣೇ" ಅಂದಳು. "ಹಿಮ್ಮಡಿ ಎತ್ತಿ ಒತ್ತಿದ್ರೆ ಕಿಬ್ಬೊಟ್ಟೆ ಹಿಡ್ಕೊಳ್ಳೋದು. ಇದು ಬೇರೆಯವರ ಕಾಲಲ್ಲ, ಅವಳದೇ."

ನಾನು ಬಾಯಿ ತೆರೆಯುವ ಮೊದಲೇ, "ಯಾರಿಗೂ ಹೇಳಬೇಡ, ಅವಳನ್ನೂ ಕೇಳಬೇಡ. ಹೇಳಬೇಕು ಅನಿಸಿದಾಗ ಹೇಳ್ತಾಳೆ" ಅಂದಳು. ಆಮೇಲೆ ಅಟ್ಟದ ಕಡೆ ಒಂದು ಸಲ ನೋಡಿದಳು. ಕಳೆದ ವರ್ಷ ಅವಳು ಅಲ್ಲಿ ಏನು ಎತ್ತಿಟ್ಟಳೆಂದು ನಿನಗೂ ಗೊತ್ತು, ನನಗೂ ಗೊತ್ತು.

ಆದ್ದರಿಂದ ಅತ್ತಿಗೆ, ನಾನು ಏನನ್ನೂ ಕೇಳುತ್ತಿಲ್ಲ. ಹೆಡ್ಡಿನ ವಿಷಯ ಮಾತ್ರ ಬರೆಯುತ್ತೇನೆ.

ನಾವು ಮಾಡಿದ ತಪ್ಪು ಏನೆಂದು ಅಮ್ಮನೇ ಹೇಳಿದಳು. ಇಷ್ಟು ದಿನ ಹೆಡ್ಡು ಆರಿಸಿದ್ದು ಅಪ್ಪನ ಕಾಲಿನಿಂದ. ಆನೆಯಂತೆ ತುಳಿಯುವ ಕಾಲಿಗೆ ಧಪ್ ಎಂದದ್ದು ಮೆತ್ತಗಿನ ಕಾಲಿಗೆ ಮಾತಾಡುವುದೇ? ಇವತ್ತು ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಅಮ್ಮ ಅಪ್ಪನಿಗೆ, "ರೀ, ಏಳಿ ಸ್ಟೂಲಿಂದ" ಅಂದಳು.

"ಯಾಕೆ?"

"ಸೊಸೆಗೆ ಮೆತ್ತಗೆ ಹೊಡೆಯೋ ಚರ್ಮ ಬೇಕಂತೆ. ನಿಮ್ಮ ಕಾಲಿಗೆ ಮೆತ್ತಗೆ ಅನ್ನೋ ಪದ ಗೊತ್ತಾ?"

ಅಪ್ಪ ಎದ್ದರು. ಮದುವೆಯಾಗಿ ಈ ಅಂಗಡಿಗೆ ಬಂದಂದಿನಿಂದ ಅಮ್ಮ ಡ್ರಮ್ಮಿನ ಮುಂದೆ ಕೂತದ್ದು ಇದೇ ಮೊದಲು. ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು, ಹಿಮ್ಮಡಿ ಊರಿ, ಬಟ್ಟೆ ಹೊಲಿಯುವಷ್ಟೇ ಗಂಭೀರವಾಗಿ ತುಳಿದಳು. ಅವಳ ಕಾಲು ಮಿಷಿನ್ನಿನ ಕಾಲು, ಒಂದು ಏಟಿಗೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಅಪ್ಪ ಬೆಪ್ಪಾಗಿ ನಿಂತರು. "ಇಷ್ಟು ವರ್ಷ ಇವಳಿಗೆ ಬರೀ ಚೀಲ ಹೊಲಿಯೋಕೆ ಕೊಟ್ಟೆನಲ್ಲೇ!" ಅಂದರು ನನ್ನ ಹತ್ತಿರ.

ದಪ್ಪನೆಯದು ಅಮ್ಮನ ಕಾಲಿಗೆ ಬಾಯಿಯೇ ಬಿಡಲಿಲ್ಲ. ಅಂಗಡಿಯಲ್ಲಿದ್ದ ಇನ್ನೊಂದು ತೆಳುವಿನದು ಬಿಟ್ಟ ಬಾಯಿ ಮುಚ್ಚಲಿಲ್ಲ. ನೀನು ಬರೆದದ್ದು ಅಕ್ಷರಶಃ ಸರಿಯಿತ್ತು. ಮೂರನೆಯದಾಗಿ, ಒಂದೇ ಪದರವಿದ್ದು ಮೇಲೆ ಒರಟಾದ ಬಿಳಿ ಲೇಪ ಹಚ್ಚಿದ ಹೆಡ್ಡನ್ನು ಹಾಕಿ, ಸುಕ್ಕು ಹೋಗುವಷ್ಟೇ ಬಿಗಿದು ಬಿಟ್ಟೆವು. ಲೇಪದಿಂದ ದನಿ ಸ್ವಲ್ಪ ಮಾಗುತ್ತದೆ, ಆದರೂ ಕೊನೆಯಲ್ಲಿ ಒಂದು ಎಳೆ ಉಳಿಯುತ್ತಿತ್ತು. "ಇದಕ್ಕೊಂದು ಬಟ್ಟೆಯ ಪಟ್ಟಿ ಬೇಕು" ಎಂದರು ಅಪ್ಪ. ಅಮ್ಮ ಎದ್ದುಹೋಗಿ ಅಟ್ಟದಿಂದ ಒಂದು ಗಂಟು ಇಳಿಸಿದಳು. ಹೊಲಿದಿಟ್ಟ ಚಿಕ್ಕ ಅಂಗಿಗಳನ್ನು ಮುಟ್ಟಲಿಲ್ಲ. ಅವಕ್ಕೆಂದು ತಂದು ಉಳಿದಿದ್ದ ಹಳದಿ ಮೆತ್ತನೆ ಬಟ್ಟೆಯಲ್ಲಿ ಮೂರು ಬೆರಳಗಲದ ಪಟ್ಟಿ ಕತ್ತರಿಸಿ, ಎರಡು ಮಡಿಕೆ ಮಾಡಿ ಹೊಲಿದು ಕೊಟ್ಟಳು. ಹೆಡ್ಡಿನ ಹಿಂದೆ, ನಡುವಿನಿಂದ ಸ್ವಲ್ಪ ಬದಿಗೆ, ಅಂಚಿನಿಂದ ಅಂಚಿಗೆ ಅದನ್ನು ಎಳೆದು ಕಟ್ಟಿದೆವು.

ಅಮ್ಮ ತುಳಿದಳು. ಧುಂ. ಅಷ್ಟೇ, ಮುಗಿಯಿತು. ನಾನು ರಸ್ತೆ ದಾಟಿ ನಿಂತೆ. ಅಲ್ಲಿಗೂ ಬಂತು, ಚಿಕ್ಕದಾಗಿ, ಆದರೆ ಇಡಿಯಾಗಿ.

ಎರಡಕ್ಕೂ ಇದೊಂದೇ ಸಾಕು ಎನ್ನುತ್ತಾರೆ ಅಪ್ಪ. ರೆಕಾರ್ಡಿಂಗಿಗೆ ಮೈಕನ್ನು ಡ್ರಮ್ಮಿನೊಳಗೆ ಇಡಬೇಕಂತೆ. ವೇದಿಕೆಯಲ್ಲಿ ಮುಂದಿನ ಹೆಡ್ಡಿನ ತೂತಿನ ಬಾಯಿಗೆ ಹಿಡಿದರೆ ಸಾಕು. ಕೊನೆಯ ಸಾಲಿಗೆ ಮುಟ್ಟಿಸುವುದು ಸ್ಪೀಕರಿನ ಕೆಲಸ, ನಿನ್ನ ಕಾಲಿನದಲ್ಲ. ಕಂಬಳಿ ಬೇಡ. ಉಣ್ಣೆಯ ಬೀಟರನ್ನೂ ಇಟ್ಟಿದ್ದೇನೆ.

ಅಪ್ಪನಿಗೆ ನಾವು ಏನೂ ಹೇಳಿಲ್ಲ. ಆದರೆ ಮಧ್ಯಾಹ್ನದಿಂದ ಅವರು ಮೂಲೆಯಲ್ಲಿ ಕೂತು ಒಂದು ಸಣ್ಣ ಮರದ ಬಳೆಯನ್ನು ಉಜ್ಜುತ್ತಿದ್ದಾರೆ. ಸೇಬಿನ ಗಾತ್ರದ ಡ್ರಮ್ಮನ್ನು ಯಾವ ಗಿರಾಕಿಯೂ ಕೇಳಿರಲಿಲ್ಲ.

ನಿನ್ನ ಪಿಸು

(ಕೆಳಗಿನದು ಅಮ್ಮನ ಕೈಬರಹ. ಬೇಡವೆಂದರೂ ಪೆನ್ನು ಕಸಿದುಕೊಂಡಳು.)

ಸೊಸೆಗೆ ಆಶೀರ್ವಾದ. ಹಿಮ್ಮಡಿ ಊರಿಯೇ ಹೊಡೆ. ಇನ್ನೂ ಮೆತ್ತಗೆ ಬೇಕೆಂದರೆ ಬರಿ, ಪಟ್ಟಿ ಬದಲಿಸಿ ಕೊಡುತ್ತೇನೆ. ಊರಿಗೆ ಬಾ ಎಂದು ನಾನು ಕರೆಯುವುದಿಲ್ಲ. ಕೆಲಸ ಮುಗಿಸಿಕೊಂಡು ಬಾ.


ಮಾರ್ಚ್ 22

ನನ್ನ ಪಿಸು,

ಎರಡೂ ಕಾಗದ ಒಂದೇ ದಿನ ಬಂದವು. ನಿನ್ನ ಅಣ್ಣ ಸಿಟ್ಟಿನದನ್ನು ಮೊದಲು ಬಿಚ್ಚಿದ. ಓದುತ್ತ ಓದುತ್ತ ಅವನ ಮುಖ ಸಣ್ಣದಾಯಿತು. ನಾನು ಎರಡನೆಯದನ್ನು ಬಿಚ್ಚಿ ಅತ್ತೆಯ ನಾಲ್ಕು ಸಾಲು ತಲುಪುವ ಹೊತ್ತಿಗೆ ನಾವಿರುವ ಬಾಡಿಗೆ ಕೋಣೆಯ ಯಜಮಾನತಿ ಬಾಗಿಲು ತಟ್ಟಿ, "ಯಾರಿಗಾದ್ರೂ ಏನಾದ್ರೂ ಆಯ್ತಾ?" ಎಂದು ಕೇಳಿದರು. ಅಷ್ಟು ಜೋರಾಗಿ ಅಳುತ್ತಿದ್ದೆನಂತೆ.

ಐದನೇ ತಿಂಗಳು. ಡಾಕ್ಟರು ನುಡಿಸಬಹುದು ಎಂದಿದ್ದಾರೆ, ಭಾರ ಹಾಕಬೇಡ, ಕಿಬ್ಬೊಟ್ಟೆಗೆ ಶ್ರಮವಾದರೆ ನಿಲ್ಲಿಸು ಎಂದಿದ್ದಾರೆ. ಅದಕ್ಕೇ ಹಿಮ್ಮಡಿ ಊರಿದ್ದು. ಹಗುರಾಗಲೆಂದು ಬೀಟರನ್ನು ಅದರ ಕಡ್ಡಿಯ ಮೇಲೆ ಕೆಳಗೆ ಇಳಿಸಿದ್ದೆ. ನಿನ್ನ ಎರಡು ಬೆರಳಿನ ಲೆಕ್ಕ ಅಲ್ಲಿಯದು. ಕಾಲು ಬದಲಾದದ್ದನ್ನು ಮುಚ್ಚಿಟ್ಟು ಕಾಲಿಗೆ ತಕ್ಕ ಹೆಡ್ಡು ಕೇಳಿದೆ ನೋಡು, ನನ್ನಂಥ ಬುದ್ಧಿವಂತೆ ಇನ್ನೊಬ್ಬಳಿಲ್ಲ.

ಹೋದ ಸಲ ಎರಡನೇ ತಿಂಗಳಲ್ಲೇ ಹೇಳಿದ್ದೆ. ಅತ್ತೆ ಅವತ್ತೇ ಬಟ್ಟೆ ತಂದರು. ಆಮೇಲೆ ನಾನು ಹಿಂದಿನ ಕೋಣೆಯಲ್ಲಿ ಮಲಗಿದ್ದಾಗ, ನನಗೆ ನಿದ್ದೆ ಬಂದಿದೆ ಎಂದುಕೊಂಡು ಅವರು ಆ ಅಂಗಿಗಳನ್ನು ಒಂದೊಂದಾಗಿ ಮಡಿಸಿ ಗಂಟು ಕಟ್ಟಿದ್ದನ್ನು ನೋಡಿದ್ದೆ. ಒಂದು ಅಂಗಿಯ ದಾರದ ತುದಿ ಹೊರಗೆ ಬಂದಿತ್ತು. ಆ ಹೊತ್ತಿನಲ್ಲೂ ಅದನ್ನು ಹಲ್ಲಿನಿಂದ ಕಚ್ಚಿ ಸರಿಮಾಡಿ ಮಡಿಸಿದರು. ಅದನ್ನು ಇನ್ನೊಂದು ಸಲ ನೋಡಲಾರೆ ಅನಿಸಿತು. ರೆಕಾರ್ಡಿಂಗ್ ಮುಗಿಯಲಿ, ಗಟ್ಟಿಯಾಗಲಿ, ಆಮೇಲೆ ಹೇಳೋಣ ಎಂದುಕೊಂಡೆ. ಹೇಳಿದರೆ ಕೂಡಲೇ ಮನೆಗೆ ಕರೆಸಿಕೊಳ್ಳುತ್ತಾರೆ ಎಂಬ ಹೆದರಿಕೆಯೂ ಇತ್ತು. ಅತ್ತೆಯನ್ನು ನಾನು ಸರಿಯಾಗಿ ಓದಿಕೊಂಡಿರಲಿಲ್ಲ. ನೀನು ನನ್ನನ್ನು ತಪ್ಪಾಗಿ ಓದಿದೆ, ನಾನು ಅವರನ್ನು. ಮನೆಯಲ್ಲಿ ನಿನ್ನಂತೆ ಸಾಹಿತ್ಯದ ಡಿಗ್ರಿ ಇಲ್ಲದವರೊಬ್ಬರೇ ಎಲ್ಲವನ್ನೂ ಸರಿಯಾಗಿ ಓದಿದ್ದು ಎಂದು ಬರೆಯಹೊರಟೆ, ಆಮೇಲೆ ನೆನಪಾಯಿತು, ನನಗೂ ಡಿಗ್ರಿ ಇಲ್ಲ.

ನಿನ್ನೆ ಹೆಡ್ಡು ಹಾಕಿ ರೆಕಾರ್ಡಿಂಗ್ ಕೋಣೆಯಲ್ಲಿ ಕೂತೆ. ಹಿಮ್ಮಡಿ ಊರಿ ಮೆತ್ತಗೆ ತುಳಿದೆ. ಗಾಜಿನ ಆಚೆ ಮೇಡಂ ಒಂದು ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡರು. ಇನ್ನೊಮ್ಮೆ ಎಂದು ಸನ್ನೆ ಮಾಡಿದರು. ಮತ್ತೊಮ್ಮೆ. ಆಮೇಲೆ ಒಂದೇ ಮಾತು: "ಇದೇ." ಕಂಪ್ಯೂಟರಿನಲ್ಲಿ ಆರಿಸಿಟ್ಟಿದ್ದ ಶಬ್ದಗಳನ್ನು ನಮ್ಮ ಎದುರಿಗೇ ಅಳಿಸಿದರು.

ಆಗ ಎಲ್ಲರಿಗೂ ವಿಷಯ ಹೇಳಿದೆ. ಹಾಡುಗಾರ ಪೆಚ್ಚಾಗಿ ನಿಂತು, "ಹಾಗಾದ್ರೆ ಇಷ್ಟು ದಿನ ವ್ಯಾನಿಗೆ ಸ್ಪೀಕರ್ ಎತ್ತಿಡುವಾಗ ಇಬ್ಬರ ಕೈಯಲ್ಲಿ ಕೆಲಸ ಮಾಡಿಸ್ತಿದ್ದೆನಾ ನಾನು?" ಅಂದ. ಸ್ಪೀಕರುಗಳನ್ನೆಲ್ಲ ನಿನ್ನ ಅಣ್ಣನೇ ಎತ್ತುತ್ತಿದ್ದ ಎಂದು ಅವನಿಗೆ ನೆನಪಿಸಬೇಕಾಯಿತು. ಆದರೂ ನಿನ್ನೆಯಿಂದ ನನಗೆ ಕುರ್ಚಿ ಎಳೆದು ಕೊಡುತ್ತಿದ್ದಾನೆ.

ನೀನು ಹೆಡ್ಡು ಕಳಿಸುವುದಿಲ್ಲ ಎಂದು ಬರೆದೆಯಲ್ಲ, ಆ ಕಾಗದವನ್ನು ಹರಿಯುವುದಿಲ್ಲ. ನನ್ನ ಕಾಲಿನ ಪರವಾಗಿ ಇಷ್ಟು ಜಗಳವಾಡಿದವರು ಇನ್ನೊಬ್ಬರಿಲ್ಲ.

ನಿನ್ನ ಅತ್ತಿಗೆ


ಏಪ್ರಿಲ್ 9

ಪಿಸು,

ಎಂಟೂ ಹಾಡು ಮುಗಿದವು. ಸಿ.ಡಿ. ಇಟ್ಟಿದ್ದೇನೆ, ಮಾವನ ಹಳೆಯ ಪ್ಲೇಯರಿಗೆ ಬೇರೇನೂ ಹಿಡಿಸುವುದಿಲ್ಲವಲ್ಲ. ಕೊನೆಯ ಹಾಡಿನ ನಡುವೆ ಎಲ್ಲ ವಾದ್ಯ ನಿಂತು ಬಾಸ್ ಡ್ರಮ್ ಒಂದೇ ಉಳಿಯುವ ಜಾಗವೊಂದಿದೆ. ಅಲ್ಲಿ ನಾನು ತುಳಿದಾಗ ನನ್ನ ಹೊಟ್ಟೆಯೊಳಗಿನಿಂದ ಉತ್ತರ ಬಂತು. ಒಂದು ಕ್ಷಣ ತಾಳ ತಪ್ಪಿತೆಂದೇ ಅಂದುಕೊಂಡೆ. ಮೇಡಂ ಕೇಳಿಸಿದರು, ತಪ್ಪಿರಲಿಲ್ಲ.

ಮುಂದಿನ ತಿಂಗಳ ಕೊನೆಗೆ ಮನೆಗೆ ಬರುತ್ತೇವೆ. ಸೇಬಿನ ಗಾತ್ರದ ಡ್ರಮ್ಮಿನ ವಿಷಯ ನನಗೆ ಗೊತ್ತೆಂದು ಮಾವನಿಗೆ ಹೇಳಬೇಡ.

ಅತ್ತಿಗೆ


ಏಪ್ರಿಲ್ 16

ಅತ್ತಿಗೆ,

ಅಪ್ಪ ಸಿ.ಡಿ.ಯನ್ನು ಅಂಗಡಿಯ ಪ್ಲೇಯರಿಗೆ ಹಾಕಿ, ಬಂದ ಗಿರಾಕಿಗಳಿಗೆಲ್ಲ ಕೈಸನ್ನೆ ಮಾಡಿ ಕೂರಿಸಿದರು. ಗಿಟಾರಿನ ತಂತಿ ಕೇಳಲು ಬಂದವರೊಬ್ಬರು ಎರಡು ಹಾಡು ಕೇಳಿ, ತಂತಿಯನ್ನು ಮರೆತು ಹೋದರು.

ಕೊನೆಯ ಹಾಡು ಬರುವಾಗ ನಾನು ಎಂದಿನಂತೆ ರಸ್ತೆ ದಾಟಲು ಎದ್ದೆ. "ನಿಲ್ಲೇ, ನಾನೂ ಬರ್ತೀನಿ" ಎಂದು ಅಮ್ಮ ಮಿಷಿನ್ ಬಿಟ್ಟು ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಇಬ್ಬರೂ ಕನ್ನಡಕದ ಅಂಗಡಿಯ ಮುಂದೆ ನಿಂತೆವು. ಅವರು ಹೊರಗೆ ಬಂದು, "ಈಗ ಅಮ್ಮನನ್ನೂ ಕರ್ಕೊಂಡು ಬಂದ್ಯಾ?" ಅಂದರು. "ಕಿವಿ ಪರೀಕ್ಷೆಗೆ" ಎಂದೆ. ಕೇಳಿದ ಕೂಡಲೇ ಎಂದೆ, ಅತ್ತಿಗೆ!

ನಡುವೆ ಬಸ್ಸು ಹೋಯಿತು, ಕೈಗಾಡಿಗಳು ಹೋದವು. ಅಷ್ಟು ದೂರಕ್ಕೆ ಹಾಡುಗಾರನ ದನಿ ಬರಲಿಲ್ಲ, ಅಣ್ಣನ ಕೀಬೋರ್ಡೂ ಬರಲಿಲ್ಲ. ನೀನು ಹೇಳಿದ ಜಾಗ ಬಂತು. ಧುಂ. ಸ್ವಲ್ಪ ಬಿಟ್ಟು ಮತ್ತೆ ಧುಂ.

"ಕೇಳಿಸ್ತಾ ಅಮ್ಮ?" ಅಂದೆ. "ಇಷ್ಟು ದೂರಕ್ಕೆ ಅವಳೊಬ್ಬಳೇ ಕೇಳಿಸ್ತಿದ್ದಾಳೆ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ರಸ್ತೆಯಾಚೆಯ ನಮ್ಮ ಅಂಗಡಿಯನ್ನೇ ನೋಡುತ್ತಾ, ಮೆಲ್ಲಗೆ, "ಒಬ್ಬಳೇ ಅಲ್ಲ ಕಣೇ" ಅಂದಳು.

ಪಿಸು